ಮತ್ಸ್ಯನ್ಯಾಯವೂ ಗಾಜಿನ ತೊಟ್ಟಿಯೂ

ಬಲಿಷ್ಠವಾದ ಮೀನು ದುರ್ಬಲವಾದ ಮೀನನ್ನು ನುಂಗುವ ಸ್ಥಿತಿಗೆ ಪ್ರಾಚೀನರು ‘ಮತ್ಸ್ಯನ್ಯಾಯ’ವೆಂದು ಹೆಸರಿಟ್ಟರು. ದಂಡಧರನಾದ ಅರಸನಿಲ್ಲದ ನಾಡಿನಲ್ಲಿ ಪ್ರಬಲನು ದುರ್ಬಲನನ್ನು ಹೀಗೆಯೇ ನುಂಗುವನೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಹೇಳಿದ್ದಾನೆ. ರಾಜನೀತಿಯಲ್ಲಿ ಉಪಮಾನವಾಗಿ ಬಂದ ಈ ಮಾತು, ಶಾಲೆಯ ಹಜಾರದಲ್ಲಿಯೋ ಮನೆಯ ಪಡಸಾಲೆಯಲ್ಲಿಯೋ ಇರಿಸಿದ ಗಾಜಿನ ತೊಟ್ಟಿಯಲ್ಲಿ ವಾಚ್ಯಾರ್ಥದಲ್ಲಿಯೇ ನಿಜವಾಗುತ್ತದೆ. ಹೊಳೆಯಲ್ಲಿ ಸಣ್ಣ ಮೀನಿಗೆ ತಪ್ಪಿಸಿಕೊಳ್ಳಲು ಎಡೆಯುಂಟು, ತೊಟ್ಟಿಯಲ್ಲಿ ಅದಿಲ್ಲ. ಯಾವ ಮೀನು ಯಾವುದರೊಡನೆ, ಎಷ್ಟು ಸಂಖ್ಯೆಯಲ್ಲಿ ಬಾಳಬೇಕೆಂಬುದನ್ನು ನಿರ್ಣಯಿಸುವವನು ಸಾಕುವವನು. ಆದಕಾರಣ ಆ ಪುಟ್ಟ ರಾಜ್ಯದ ದಂಡಧರನು ಅವನೇ.

ತೊಟ್ಟಿಯಲ್ಲಿ ಮೀನುಗಳನ್ನು ಕೊಲ್ಲುವ ಕಾರಣಗಳು ಎರಡು: ಒಂದು ವೈರ, ಮತ್ತೊಂದು ಇಕ್ಕಟ್ಟು. ವೈರವು ಕಣ್ಣಿಗೆ ಕಾಣುತ್ತದೆ. ಇಕ್ಕಟ್ಟು ಕಾಣದೆ ಕೊಲ್ಲುತ್ತದೆ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಸದಾ ವಿಸರ್ಜಿಸುತ್ತಿರುತ್ತದೆ. ತಿನ್ನದೆ ಬಿಟ್ಟ ಆಹಾರವೂ ಕೊಳೆತು ಅದೇ ವಿಷವನ್ನು ಹುಟ್ಟಿಸುತ್ತದೆ. ಮರಳಿನಲ್ಲಿಯೂ ಶೋಧಕದಲ್ಲಿಯೂ ನೆಲೆಸುವ ಸೂಕ್ಷ್ಮಾಣುಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಅಷ್ಟು ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಉದ್ಘಾಟನೆಯ ದಿನವೇ ತೊಟ್ಟಿಯನ್ನು ಮೀನುಗಳಿಂದ ತುಂಬಿಸಿದರೆ ತಿಳಿನೀರೇ ವಿಷವಾಗುವುದು. ಮೇಲಾಗಿ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯಬಲ್ಲ ನೀರು 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಬೇಸಗೆಯಲ್ಲಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುವುದಕ್ಕೆ ಇದೊಂದು ಕಾರಣ.

1850ರಲ್ಲಿ ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯಲ್ಲಿ ಮೀನು, ಜಲಸಸ್ಯ, ಬಸವನಹುಳುಗಳನ್ನು ಒಟ್ಟಿಗೆ ಬಾಳಿಸಿದ ಪ್ರಯೋಗವನ್ನು ಪ್ರಕಟಿಸಿದನು. 12 ಗ್ಯಾಲನ್ ಹಿಡಿಯುವ ಆ ಪಾತ್ರೆಯಲ್ಲಿ ಆತನು ಇರಿಸಿದ ಮೀನುಗಳು ಎರಡೇ, ಅವೂ ಚಿಕ್ಕವು. ತೊಟ್ಟಿಯ ವಿದ್ಯೆಯ ಆರಂಭದಲ್ಲಿಯೇ ಮಿತಿಯ ಪಾಠವಿದೆ.

ಈ ಮಿತಿಯನ್ನು ಅಳೆಯುವುದೆಂತು? ಪೂರ್ಣವಾಗಿ ಬೆಳೆದ ಮೀನಿನ ಪ್ರತಿ ಸೆಂಟಿಮೀಟರ್ ಉದ್ದಕ್ಕೆ 2 ಲೀಟರ್ ನೀರು ಎಂಬುದು ಕಲಿಯುವವರಿಗೆ ಉಪಯುಕ್ತವಾದ ಸ್ಥೂಲ ಲೆಕ್ಕ. ಇಲ್ಲಿ ‘ಪೂರ್ಣವಾಗಿ ಬೆಳೆದ’ ಎಂಬ ವಿಶೇಷಣವನ್ನು ಮರೆಯಬಾರದು. ಅಂಗಡಿಯಲ್ಲಿ ಬೆರಳುದ್ದವಿರುವ ಆಸ್ಕರ್ 30 ಸೆಂಟಿಮೀಟರ್ ಬೆಳೆಯುತ್ತದೆ. ಶಾರ್ಕ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಪಂಗಾಸಿಯಸ್ ಒಂದು ಮೀಟರನ್ನೂ ಮೀರಬಲ್ಲುದು. ಅಲ್ಲದೆ ಈ ಲೆಕ್ಕವು ಸಣ್ಣ, ತೆಳುಮೈಯ ಮೀನುಗಳಿಗೆ ಮಾತ್ರ ಸಲ್ಲುತ್ತದೆ. 3 ಸೆಂಟಿಮೀಟರಿನ ಹತ್ತು ಮೀನುಗಳ ಒಟ್ಟು ಉದ್ದವೂ 30 ಸೆಂಟಿಮೀಟರಿನ ಒಂದು ಮೀನಿನ ಉದ್ದವೂ ಸಮ. ಆದರೆ ಆಕಾರ ಒಂದೇ ಆಗಿದ್ದರೆ ಆ ಒಂದರ ತೂಕ ಹತ್ತರ ಒಟ್ಟು ತೂಕದ ನೂರು ಪಟ್ಟು. ತೊಟ್ಟಿ ಹೊರಬೇಕಾದ ಕಲ್ಮಷದ ಭಾರವೂ ಬಹಳ ಹೆಚ್ಚು.

ಇನ್ನು ಮೈತ್ರಿಯ ವಿಚಾರ. ಮೊದಲು ನೀರು ಹೊಂದಬೇಕು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಗಡಸು ನೀರು ಹಿತ. ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಅಂಥದು. ನಿಯಾನ್ ಟೆಟ್ರಾ ಮೆದುನೀರಿನ ಜೀವಿ. ಚಿನ್ನದ ಮೀನು ತಂಪುನೀರಿನದಾದುದರಿಂದ ಉಷ್ಣವಲಯದ ಮೀನುಗಳ ಜೊತೆಗೆ ಸಲ್ಲದು. ಎರಡನೆಯದಾಗಿ ಗಾತ್ರ ಹೊಂದಬೇಕು: ಬಾಯಿಗೆ ಹಿಡಿಸುವ ಮೀನು ಆಹಾರವೇ ಸರಿ. ಸೌಮ್ಯವಾಗಿ ಕಾಣುವ ಏಂಜಲ್ ಮೀನು ಬೆಳೆದ ಮೇಲೆ ನಿಯಾನ್ ಟೆಟ್ರಾಗಳನ್ನು ನುಂಗುತ್ತದೆ. ಮೂರನೆಯದು ಸ್ವಭಾವ. ಎರಡು ಗಂಡು ಬೆಟ್ಟಾಗಳು ಒಂದೆಡೆ ಬಾಳಲಾರವು. ಟೈಗರ್ ಬಾರ್ಬ್ ನೀಳ ರೆಕ್ಕೆಯ ಮೀನುಗಳನ್ನು ಕಚ್ಚುತ್ತದೆ. ನಾಲ್ಕನೆಯದು ಸಂಗ. ಗುಂಪಿನಲ್ಲಿ ಬಾಳುವ ಜೀಬ್ರಾ ಮೀನು, ಟೆಟ್ರಾಗಳನ್ನು ಆರಕ್ಕಿಂತ ಕಡಿಮೆ ಇರಿಸಿದರೆ ಅವು ಬೆದರುತ್ತವೆ. ಆದುದರಿಂದ ಬಗೆಗೊಂದರಂತೆ ಹತ್ತು ಮೀನು ತರುವುದಕ್ಕಿಂತ ಎರಡೇ ಬಗೆಗಳನ್ನು ತರುವುದು ಲೇಸು.

ಉದಾಹರಣೆಗೆ 90 ಸೆಂಟಿಮೀಟರ್ ಉದ್ದ, 30 ಅಗಲ, 40 ಎತ್ತರದ ತೊಟ್ಟಿಯ ಅಳತೆ 108 ಲೀಟರ್. ಮರಳು, ಕಲ್ಲು, ಮೇಲಿನ ತೆರಪನ್ನು ಕಳೆದರೆ ಉಳಿಯುವ ನೀರು ಸುಮಾರು 90 ಲೀಟರ್. ಎಂದರೆ 45 ಸೆಂಟಿಮೀಟರ್ ಮೀನು. 4 ಸೆಂಟಿಮೀಟರ್ ಬೆಳೆಯುವ ಆರು ಜೀಬ್ರಾ ಮೀನುಗಳಿಗೆ 24, 5 ಸೆಂಟಿಮೀಟರಿನ ನಾಲ್ಕು ಗಂಡು ಪ್ಲಾಟಿಗಳಿಗೆ 20, ಒಟ್ಟು 44. ಅಲ್ಲಿಗೆ ನಿಲ್ಲಬೇಕು. ಈ ಹತ್ತನ್ನೂ ಒಂದೇ ದಿನ ಬಿಡದೆ ಕೆಲವು ವಾರಗಳ ಅಂತರದಲ್ಲಿ ಬಿಡುವುದೂ, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಕ್ಲೋರಿನ್ ಕಳೆದ ನೀರಿನಿಂದ ಬದಲಿಸುವುದೂ ವಿಹಿತ. ಗಂಡು ಹೆಣ್ಣುಗಳನ್ನು ಕೂಡಿಸಿದರೆ ಪ್ಲಾಟಿ, ಗಪ್ಪಿಗಳು ತಿಂಗಳಿಗೊಮ್ಮೆ ಮರಿಹಾಕಿ, ಕೊಳ್ಳದೆಯೇ ಇಕ್ಕಟ್ಟು ಉಂಟಾಗುತ್ತದೆ. ಹೆಚ್ಚಾದವನ್ನು ಊರ ಕೆರೆಗೆ ಬಿಡುವುದು ದಯೆಯೆಂದು ತೋರಬಹುದು. ಆದರೆ ಪರದೇಶದ ಮೀನು ಕೆರೆಯಲ್ಲಿ ನೆಲೆಯೂರಿದರೆ ಅಲ್ಲಿನ ಮೂಲ ಮೀನುಗಳ ಅನ್ನಕ್ಕೂ ನೆಲೆಗೂ ಕುತ್ತು.

ಶಾಲೆಗೆ ತೊಟ್ಟಿಯನ್ನು ದಾನವಾಗಿ ಕೊಡುವವರೂ ಅದನ್ನು ನೋಡಿಕೊಳ್ಳುವ ಉಪಾಧ್ಯಾಯರೂ ಗಮನಿಸತಕ್ಕ ಅಂಶವೊಂದಿದೆ. ಸತ್ತ ಮೀನನ್ನು ತೆಗೆದೆಸೆದು ಮರುದಿನವೇ ಹೊಸದನ್ನು ತಂದು ಬಿಡುವ ಪದ್ಧತಿಯನ್ನು ಕಂಡ ಬಾಲಕನು, ಜೀವವು ಬೆಲೆ ತೆತ್ತು ಮತ್ತೆ ತರಬಹುದಾದ ವಸ್ತುವೆಂದು ತಿಳಿಯುತ್ತಾನೆ. ನೀರನ್ನು ಅಳೆದು, ಮೀನಿನ ಮುಂದಿನ ಗಾತ್ರವನ್ನು ಎಣಿಸಿ, ‘ಇಷ್ಟು ಸಾಕು’ ಎಂದು ನಿಲ್ಲಿಸುವ ಗುರುವನ್ನು ಕಂಡವನಾದರೋ ಗಣಿತವನ್ನೂ ವಿಜ್ಞಾನವನ್ನೂ ಅವುಗಳೊಡನೆ ಕರುಣೆಯನ್ನೂ ಒಂದೇ ಪಾಠದಲ್ಲಿ ಕಲಿಯುತ್ತಾನೆ. ಹತ್ತೇ ಮೀನುಗಳಿರುವ ತೊಟ್ಟಿ ಬರಿದಾಗಿ ಕಂಡರೂ ವರ್ಷ ಕಳೆದು ನೋಡಿದಾಗ ಆ ಹತ್ತೂ ಅಲ್ಲಿಯೇ ಈಜುತ್ತಿದ್ದರೆ, ದಾನವೂ ಪಾಠವೂ ಸಾರ್ಥಕವಾದಂತೆ.