‘ಫಸ್ಟ್ ಬರಬೇಕು’ ಎಂಬ ಗುರಿ: ಕೆರೆದಂಡೆಯ ಐದು ಪಾಠಗಳು

ದೈಹಿಕ ಶಿಕ್ಷಣದ ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಕಬಡ್ಡಿಯಲ್ಲ, ಖೊ-ಖೊ ಅಲ್ಲ, ಹಾಯಿದೋಣಿ. ಬೆಂಗಳೂರಿನ ಕೆರೆಯೊಂದರಲ್ಲಿ ವಾರಾಂತ್ಯಕ್ಕೆ ಅಭ್ಯಾಸ ಮಾಡುವ 10ರಿಂದ 14 ವರ್ಷದ ಎಂಟು ಮಕ್ಕಳಿಗೆ ‘ಮನೋಕೌಶಲ ಮತ್ತು ಗುರಿ ನಿರ್ಧಾರ’ ಎಂಬ ಘಟಕದ ಮೇಲೆ ಐದು ಪಾಠ ಮಾಡಬೇಕಿತ್ತು. ದೋಣಿಗಳು ನೀರಿಗಿಳಿಯುವ ಮುನ್ನ ದಂಡೆಯ ಮೇಲೆ ತಲಾ 40 ನಿಮಿಷ. ನೀರಿನ ಮೇಲಿನ ಹೊಣೆಯೆಲ್ಲ ಅಲ್ಲಿನ ತರಬೇತುದಾರರದು. ನನಗೆ ಹಾಯಿ ಕಟ್ಟಲೂ ಬರುತ್ತಿರಲಿಲ್ಲ. ಮೊದಲ ಪಾಠ ಕೆಟ್ಟದ್ದಕ್ಕೆ ಅದೇ ಕಾರಣವೆಂದು ಕೆಲವು ದಿನ ನಂಬಿಕೊಂಡಿದ್ದೆ.

ಈ ಮಕ್ಕಳು ನಡೆಸುವುದು ‘ಆಪ್ಟಿಮಿಸ್ಟ್’ ಎಂಬ ಪುಟ್ಟ ದೋಣಿ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದೇ ರೂಪಿಸಿದ್ದು. ಉದ್ದ ಸುಮಾರು 2.3 ಮೀಟರ್, ಒಡಲಿನ ತೂಕ 35 ಕೆ.ಜಿ. ಸ್ಪರ್ಧೆಯಲ್ಲಿ ದೋಣಿಗೆ ಒಂದೇ ಮಗು. ಚುಕ್ಕಾಣಿ, ಹಾಯಿಯ ಹಗ್ಗ, ಗಾಳಿಯ ದಿಕ್ಕು, ಪಕ್ಕದ ದೋಣಿ ಎಲ್ಲವನ್ನೂ ಅದೇ ನೋಡಿಕೊಳ್ಳಬೇಕು. ಓಟ ಶುರುವಾದ ಮೇಲೆ ತರಬೇತುದಾರರು ದೂರದಿಂದ ಸಲಹೆ ಕೂಗುವಂತಿಲ್ಲ. ಮನೋಕೌಶಲದ ಪಾಠ ಬೇರೆ ಆಟಗಳಿಗಿಂತ ಇಲ್ಲಿ ಹೆಚ್ಚು ಬೇಕಾಗುವುದು ಇದಕ್ಕೇ: ಮಗು ನೀರಿನ ಮೇಲೆ ಒಂಟಿ.

ಮೊದಲ ಪಾಠಕ್ಕೆ ಪೀಠಿಕೆಯಾಗಿ ನೇಹಾ ಠಾಕೂರ್ ಅವರ ವಿಷಯ ಹೇಳಿದೆ. ಭೋಪಾಲದ ಕೆರೆಯಲ್ಲಿ ತರಬೇತಾದ ಹುಡುಗಿ, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಐಎಲ್‌ಸಿಎ-4 ವಿಭಾಗದ ಬೆಳ್ಳಿ ಗೆದ್ದರು. ಮಕ್ಕಳ ಕಣ್ಣು ಅರಳಿತು. ಬಳಿಕ ಚಾರ್ಟ್ ತೂಗುಹಾಕಿ, ಗುರಿ ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಸವಾಲಿನದಾಗಿರಬೇಕು ಎಂದು ಲಾಕ್ ಮತ್ತು ಲೇಥಮ್ ಅವರ ಸಿದ್ಧಾಂತವನ್ನು ಸರಳಗೊಳಿಸಿ ಹೇಳಿ, ಕಾರ್ಡು ಹಂಚಿದೆ. ಏಳು ಕಾರ್ಡುಗಳಲ್ಲಿ ‘ಫಸ್ಟ್ ಬರಬೇಕು’ ಎಂದೇ ಇತ್ತು. ಎಂಟನೆಯದರಲ್ಲಿ ‘ದೋಣಿ ಮಗುಚಬಾರದು’. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಲೋಕನ ಪುಸ್ತಕದಲ್ಲಿ ನನ್ನ ಮಾರ್ಗದರ್ಶಕರು ‘ಪೀಠಿಕೆ ಆಕರ್ಷಕ, ಬೋಧನೋಪಕರಣದ ಬಳಕೆ ಉತ್ತಮ’ ಎಂದು ಬರೆದರು. ಅವರು ಓಟ ನೋಡಲು ನಿಂತಿರಲಿಲ್ಲ.

ಅಂದು ಆಷಾಢದ ಗಾಳಿ. ಸುತ್ತಲಿನ ಕಟ್ಟಡಗಳಿಗೆ ಬಡಿದು ಬರುತ್ತಿದ್ದುದರಿಂದ ಅದಕ್ಕೆ ಒಂದು ದಿಕ್ಕೆಂಬುದಿರಲಿಲ್ಲ. ಮೊದಲ ಓಟದಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಸಂಕೇತಕ್ಕೆ ಮೊದಲೇ ಆರಂಭದ ಗೆರೆ ದಾಟಿಬಿಟ್ಟಳು. ಹಾಗಾದರೆ ಹಿಂದಿರುಗಿ ಮತ್ತೆ ಸರಿಯಾಗಿ ಹೊರಡಬೇಕು. ಅವಳು ತಿರುಗುವಷ್ಟರಲ್ಲಿ ಉಳಿದವರು ದೂರ ಹೋಗಿದ್ದರು. ಮುಂದಿನ ಎರಡು ಓಟಗಳಲ್ಲಿ ಅವಳ ಹಾಯಿ ಪಟಪಟ ಬಡಿಯುತ್ತಲೇ ಇತ್ತು. ಹಗ್ಗ ಎಳೆದು ಬಿಗಿಮಾಡುವ ಮನಸ್ಸೇ ಇರಲಿಲ್ಲ. ದಂಡೆಗೆ ಬಂದಾಗ ಕಾರ್ಡಿನ ಹಿಂಬದಿ ತುಂಬಲು ಹೇಳಿದೆ. “ಇನ್ನೇನು ಬರೀಲಿ ಸರ್? ಅದು ಮುಗ್ದೇ ಹೋಯ್ತಲ್ಲ” ಅಂದಳು.

ನಾನು ಬರೆಸಿದ ಗುರಿ ಹತ್ತು ಸೆಕೆಂಡಿನಲ್ಲಿ ಸತ್ತಿತ್ತು, ಉಳಿದ ಇಡೀ ಬೆಳಿಗ್ಗೆ ಅವಳಿಗೆ ಮಾಡಲು ಏನೂ ಉಳಿದಿರಲಿಲ್ಲ. ಆ ಗುರಿ ನಿರ್ದಿಷ್ಟವಾಗಿತ್ತು, ಅಳೆಯುವಂತಿತ್ತು, ಸವಾಲಿನದೂ ಆಗಿತ್ತು; ಚಾರ್ಟಿನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಅವಳ ಕೈಯಲ್ಲಿರಲಿಲ್ಲ. ಉಳಿದ ಏಳು ದೋಣಿಗಳ ಕೈಯಲ್ಲಿತ್ತು, ಗಾಳಿಯ ಕೈಯಲ್ಲಿತ್ತು. ನಾವೆಲ್ಲ ನಕ್ಕ ‘ಮಗುಚಬಾರದು’ ಒಂದೇ ಬರೆದವನ ಸ್ವಂತ ಕೆಲಸಕ್ಕೆ ಸಂಬಂಧಿಸಿದ್ದು.

ಎರಡನೇ ಪಾಠದಲ್ಲಿ ಇದನ್ನು ಸರಿಪಡಿಸಲು ಹೋಗಿ ಇನ್ನೊಂದು ತುದಿಗೆ ಬಿದ್ದೆ. ಫಲಿತಾಂಶದ ಗುರಿ, ಸಾಧನೆಯ ಗುರಿ, ಪ್ರಕ್ರಿಯೆಯ ಗುರಿ ಎಂದು ವಿಂಗಡಿಸಿ, ಪ್ರತಿ ಮಗುವಿಗೂ ಆರು ಪ್ರಕ್ರಿಯೆಯ ಗುರಿ ಕೊಟ್ಟೆ. ನೀರಿನಿಂದ ಬಂದವರನ್ನು ಕೇಳಿದರೆ ಒಬ್ಬರಿಗೂ ಎರಡಕ್ಕಿಂತ ಹೆಚ್ಚು ನೆನಪಿಲ್ಲ. ಆ ಪಾಠದಲ್ಲಿ ಉಪಯೋಗಕ್ಕೆ ಬಂದದ್ದು ಅಂಕದ ಲೆಕ್ಕ ಮಾತ್ರ. ಹಾಯಿದೋಣಿಯಲ್ಲಿ ಒಂದನೇ ಸ್ಥಾನಕ್ಕೆ 1 ಅಂಕ, ಎರಡಕ್ಕೆ 2. ಒಟ್ಟು ಕಡಿಮೆಯಿದ್ದವರು ಗೆದ್ದಂತೆ. ಗೆರೆ ಮೊದಲೇ ದಾಟಿ ಹಿಂದಿರುಗದವರಿಗೆ, ಎಂಟು ದೋಣಿಗಳಿದ್ದರೆ 9. ಹಾಗಾಗಿ ಮೂರು ಓಟದಲ್ಲಿ 1, 1, 9 ತಂದವರ ಮೊತ್ತ 11. 3, 3, 2 ತಂದವರದು 8. ಒಮ್ಮೆಯೂ ಫಸ್ಟ್ ಬಾರದವರು ಗೆಲ್ಲುತ್ತಾರೆಂಬುದನ್ನು ಮಕ್ಕಳು ತಾವೇ ಕೂಡಿ ನೋಡಿ ಒಪ್ಪಿದರು.

ಮೂರನೆಯ ಪಾಠದಿಂದ ಒಬ್ಬರಿಗೆ ಒಂದೇ ಗುರಿ. ಮಗು ತಾನೇ ಆರಿಸಬೇಕು, ತರಬೇತುದಾರರ ಜೊತೆ ಮಾತಾಡಿ ಖಚಿತಪಡಿಸಿಕೊಳ್ಳಬೇಕು, ಎರಡು ಮೂರು ಪದದಲ್ಲಿ ಟೇಪಿನ ಮೇಲೆ ಬರೆದು ದೋಣಿಯೊಳಗೆ ಕಣ್ಣಿಗೆ ಬೀಳುವಲ್ಲಿ ಅಂಟಿಸಬೇಕು. ‘ತಲೆ ಎತ್ತಿ ನೋಡು’, ‘ಹೊರಗೆ ಬಾಗು’ ಇಂಥವು. ‘ಮಗುಚಬಾರದು’ ಎಂದಿದ್ದ ಹುಡುಗ ಅದನ್ನು ‘ಗಾಳಿ ಬಂದ್ರೆ ಹಗ್ಗ ಸಡಿಲು’ ಎಂದು ಬದಲಿಸಿದ. ಮಾಡಬಾರದ್ದನ್ನು ಮಾಡಬೇಕಾದ್ದಾಗಿ ತಿರುಗಿಸಲು ನಾನು ಕಲಿಸಿರಲಿಲ್ಲ, ಅವನೇ ಮಾಡಿದ.

ನಾಲ್ಕನೆಯ ಪಾಠವೇ ಈ ಘಟಕದ ಜೀವ. ಹಾಯಿದೋಣಿಯ ಓಟಕ್ಕೆ 5 ನಿಮಿಷದ ಎಣಿಕೆಯಿರುತ್ತದೆ: 5, 4, 1 ನಿಮಿಷಗಳಿರುವಾಗ ಒಂದೊಂದು ಸಂಕೇತ, ಆಮೇಲೆ ಆರಂಭ. ಅಷ್ಟು ಹೊತ್ತೂ ದೋಣಿಗಳು ಗೆರೆಯ ಹಿಂದೆ ಸುತ್ತುತ್ತಿರುತ್ತವೆ. ಮಕ್ಕಳ ಮನಸ್ಸು ಕಲಕುವುದು ಇಲ್ಲಿಯೇ. ಆಟದ ಮೈದಾನಕ್ಕೆ ಹಾಕುವಂತೆ ದಂಡೆಯ ಮೇಲೆ ಸುಣ್ಣದ ಗೆರೆ ಎಳೆದು, ಶಿಳ್ಳೆ ಹಿಡಿದು, ಮಕ್ಕಳನ್ನೇ ದೋಣಿಗಳನ್ನಾಗಿ ನಡೆಸಿದೆ. ನಿಲ್ಲುವಂತಿಲ್ಲ, ಒಬ್ಬರಿಗೊಬ್ಬರು ತಾಗುವಂತಿಲ್ಲ. 4 ನಿಮಿಷದ ಶಿಳ್ಳೆಗೆ ಗೆರೆಯ ಎರಡೂ ತುದಿ ನೋಡಬೇಕು. 1 ನಿಮಿಷದ ಶಿಳ್ಳೆಗೆ ಒಮ್ಮೆ ಉಸಿರೆಳೆದು ನಿಧಾನವಾಗಿ ಬಿಟ್ಟು, ತನ್ನ ಟೇಪಿನ ಮಾತನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು.

ಆಮೇಲೆ ಎಲ್ಲರನ್ನೂ ಕೂರಿಸಿ, ಕಣ್ಣು ಮುಚ್ಚಿ ಆ ಕೊನೆಯ ನಿಮಿಷವನ್ನು ಮನಸ್ಸಿನಲ್ಲೇ ಓಡಿಸಿ, ನಿಮಿಷ ಮುಗಿಯಿತೆನಿಸಿದಾಗ ಕೈ ಎತ್ತಲು ಹೇಳಿದೆ. ಮೊದಲ ಕೈ ಎದ್ದಾಗ ಸ್ಟಾಪ್‌ವಾಚಿನಲ್ಲಿ 38 ಸೆಕೆಂಡು. ಗೆರೆ ದಾಟಿದ್ದ ಹುಡುಗಿಯದೇ ಕೈ. ಅಲ್ಲಿಯವರೆಗೆ ನನ್ನ ಟಿಪ್ಪಣಿಯಲ್ಲಿ ಅವಳ ಬಗ್ಗೆ ‘ಅವಸರದ ಸ್ವಭಾವ’ ಎಂದಿತ್ತು. ಸ್ವಭಾವವಲ್ಲ, ಉದ್ವೇಗದಲ್ಲಿ ಅವಳ ನಿಮಿಷ ಚಿಕ್ಕದಾಗುತ್ತಿತ್ತು. ಅವಳು ಟೇಪು ಕಿತ್ತು ಬೇರೆ ಬರೆದಳು: ‘ವಾಚ್ ನೋಡಿ ಎಣಿಸು’.

ಎಲ್ಲರಿಗಿಂತ ದೊಡ್ಡ ಹುಡುಗ, 14 ವರ್ಷದವನು, ಆ ದಿನ ಕೇಳಿದ: “ಹಂಗಾದ್ರೆ ಗೆಲ್ಲೋದು ಬೇಡ್ವಾ ಸರ್?” ಅವನಿಗೆ ಒಂದು ಸ್ಪರ್ಧೆ ಹತ್ತಿರವಿತ್ತು. ಜಿಮ್ಮರ್‌ಮನ್ ಮತ್ತು ಕಿಟ್ಸಾಂಟಸ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಾಯಿತು. ಡಾರ್ಟ್ ಎಸೆಯಲು ಕಲಿಯುತ್ತಿದ್ದ ಪ್ರೌಢಶಾಲಾ ಹುಡುಗಿಯರಲ್ಲಿ, ಅಂಕವನ್ನೇ ಗುರಿಯಾಗಿಟ್ಟವರಿಗಿಂತ ಎಸೆಯುವ ಕ್ರಮವನ್ನು ಗುರಿಯಾಗಿಟ್ಟವರು ಚೆನ್ನಾಗಿ ಕಲಿತರು. ಕ್ರಮ ಕೈಗೂಡಿದ ಮೇಲೆ ಅಂಕದ ಕಡೆ ತಿರುಗಿದವರು ಅವರಿಗಿಂತಲೂ ಮುಂದೆ ಹೋದರು. ಆದ್ದರಿಂದ ಅವನ ಕಾರ್ಡಿನಲ್ಲಿ ‘ಮೊದಲ ಮೂವರಲ್ಲಿ ಬರಬೇಕು’ ಎಂಬುದನ್ನು ಉಳಿಸಿದೆವು. ಹತ್ತು ವರ್ಷದವರಿಗೆ ಅದನ್ನು ಬರೆಸಲಿಲ್ಲ. ಸ್ಥಾನದ ಗುರಿಯೇ ತಪ್ಪು ಎಂದು ಎಲ್ಲರಿಗೂ ಒಂದೇ ಪಾಠ ಒಪ್ಪಿಸುವುದು ನನ್ನ ಮೊದಲ ಚಾರ್ಟಿನಷ್ಟೇ ಕುರುಡು.

ಕೊನೆಯ ದಿನ ಮೂರು ಓಟ. ಪ್ರತಿ ಓಟ ಮುಗಿದೊಡನೆ, ಸ್ಥಾನ ಹೇಳುವ ಮುಂಚೆ, ಮೂರು ಪ್ರಶ್ನೆ: ಟೇಪಿನ ಮಾತು ಎಷ್ಟು ಸಲ ನೆನಪಾಯಿತು? ಎಲ್ಲಿ ಮರೆತೆ? ಮುಂದಿನ ಓಟಕ್ಕೆ ಅದೇ ಇರಲಿಯೋ, ಬದಲಿಸಲಿಯೋ? ಸ್ಥಾನಗಳ ಪಟ್ಟಿ ಮೊದಲ ವಾರದ್ದಕ್ಕಿಂತ ಹೆಚ್ಚು ಬದಲಾಗಲಿಲ್ಲ. ಎಂಟು ದೋಣಿಗಳಲ್ಲಿ ಯಾರಾದರೂ ಎಂಟನೆಯವರಾಗಲೇಬೇಕು. ಆ ಹುಡುಗಿ ಎರಡು ಓಟಗಳಲ್ಲಿ ಸರಿಯಾಗಿ ಹೊರಟಳು. ಮೂರನೆಯದರಲ್ಲಿ ಮತ್ತೆ ಗೆರೆ ದಾಟಿದಳು. ಈ ಸಲ ಶಿಳ್ಳೆ ಕೇಳಿದ್ದೇ ದೋಣಿ ತಿರುಗಿಸಿ, ಹಿಂದಿರುಗಿ ಹೊರಟು, ಇಬ್ಬರನ್ನು ಹಿಂದೆ ಹಾಕಿ ಆರನೆಯವಳಾದಳು. ಮರೆತದ್ದೆಲ್ಲಿ ಎಂಬುದಕ್ಕೆ ‘30 ಸೆಕೆಂಡ್ ಇದ್ದಾಗ ವಾಚ್ ನೋಡ್ಲಿಲ್ಲ, ಪಕ್ಕದ ದೋಣಿ ನೋಡಿದೆ’ ಎಂದು ಬರೆದಳು. ಐದು ಪಾಠಗಳಲ್ಲಿ ನನಗೆ ಸಿಕ್ಕ ಮೌಲ್ಯಮಾಪನಗಳಲ್ಲಿ ಅತ್ಯಂತ ನಿಖರವಾದದ್ದು ಅದು.

ಅವಳು ಕಾರ್ಡು ಕೊಡುತ್ತಿರುವಾಗಲೇ ಕರೆದೊಯ್ಯಲು ಬಂದ ತಂದೆ ಗೇಟಿನಿಂದಲೇ ಕೇಳಿದರು: “ಎಷ್ಟನೇ ಪ್ಲೇಸಮ್ಮ?” ನನ್ನ ಪಾಠ ಯೋಜನೆಯಲ್ಲಿ ಪೋಷಕರಿಗೆ ಜಾಗವಿರಲಿಲ್ಲ. ಈ ಘಟಕವನ್ನು ಮುಂದೆ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಒಂದು ಪಾಠದ ಕೊನೆಯ ಹತ್ತು ನಿಮಿಷವನ್ನಾದರೂ ಅವರಿಗೆ ಮೀಸಲಿಟ್ಟು, ಅದೇ ಮೂರು ಪ್ರಶ್ನೆಗಳ ಚೀಟಿಯನ್ನು ಅವರ ಕೈಗೂ ಕೊಡಬೇಕು. ಮೂರನೆಯ ಪಾಠದ ದಿನವೇ ಕೊಟ್ಟರೆ ಒಳ್ಳೆಯದು, ಐದನೆಯದಕ್ಕೆ ತಡವಾಗುತ್ತದೆ.