ಅಸಲಿ ಯಾವುದೆಂದು ಕೇಳಿದ ಮೊಮ್ಮಗನಿಗೆ

ಚಿ. ರಾಘವ,

ಆಗಸ್ಟ್‌ನಲ್ಲಿ ಓಶುನ್ ನದಿಯ ಜಾತ್ರೆಯ ಚಿತ್ರ ತೆಗೆಯಲು ನೈಜೀರಿಯಾಕ್ಕೆ ಹೊರಟಿದ್ದೀಯ ಎಂದು ಓದಿ ನನಗೆ ಸಂತೋಷ, ನಿನ್ನ ಅಜ್ಜಿಗೆ ಗಾಬರಿ. ಆದರೆ ನೀನು ಕೊನೆಯಲ್ಲಿ ಬರೆದ ಮಾತು ಎರಡು ದಿನದಿಂದ ನನ್ನ ತಲೆಯಲ್ಲೇ ಕೂತಿದೆ. ಆ ಜಾತ್ರೆ ನಡೆಯುವ ಒಶೊಗ್ಬೊದ ದೇವರಕಾಡಿನ ಮೂರ್ತಿಗಳು ಸಿಮೆಂಟಿನವು, ಅವುಗಳ ಹಿಂದೆ ಇದ್ದವಳು ಆಸ್ಟ್ರಿಯಾದ ಹೆಂಗಸು ಎಂದು ತಿಳಿದು ನಿನಗೆ ನಿರಾಸೆಯಾಯಿತಂತೆ. ಜಾತ್ರೆ ಮುಗಿಸಿ, ಇನ್ನೂ ಒಳಗಿನ ಹಳ್ಳಿಗೆ ಹೋಗಿ ಅಸಲಿ ಆಫ್ರಿಕಾ ಹುಡುಕುತ್ತೀಯಂತೆ.

ತಮಾ, ನಾನು ನೈಜೀರಿಯಾದ ಇಬಾದಾನ್ ಹತ್ತಿರ ಗಣಿತ ಕಲಿಸುತ್ತಿದ್ದ ಕಾಲದಲ್ಲಿ ಪಕ್ಕದ ಮನೆಯಲ್ಲಿ ಒಬ್ಬ ಯೊರುಬಾ ಜನಾಂಗದ ವೃದ್ಧರಿದ್ದರು. ಸಂಜೆ ಅವರ ಜಗಲಿಗೆ ಹೋದರೆ ಕೋಲಾ ಬೀಜ ಒಡೆದು ಕೊಡುತ್ತಿದ್ದರು. ಅದಕ್ಕೂ ಮೊದಲು ಲೋಟದಿಂದ ನಾಲ್ಕು ಹನಿ ನೆಲಕ್ಕೆ ಬಿಟ್ಟು ತಂದೆ, ತಂದೆಯ ತಂದೆ, ಸತ್ತ ಅಣ್ಣ, ಹೀಗೆ ಒಬ್ಬೊಬ್ಬರ ಹೆಸರನ್ನೂ ಕರೆಯುವರು. ಅವಸರವೇ ಇಲ್ಲ. ಒಂದು ದಿನ ನನ್ನ ಅಪ್ಪನ ಹೆಸರೇನು ಎಂದು ಕೇಳಿದರು. ಹೇಳಿದೆ. ಮರುದಿನ ಅವರ ಹಿರಿಯರ ಹೆಸರುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಅದನ್ನೂ ಕರೆದರು. ನಾಲಿಗೆ ಹೊರಳಲಿಲ್ಲ, ಆದರೂ ಕರೆದರು. ಆಗ ನನ್ನ ಅಪ್ಪ ತೀರಿಕೊಂಡು ವರ್ಷವಾಗಿತ್ತು, ಕ್ರಿಯೆಗೆ ಊರಿಗೆ ಬರಲೂ ಆಗಿರಲಿಲ್ಲ. ನಿನಗೆ ಇಟ್ಟದ್ದೂ ಆ ಹೆಸರನ್ನೇ.

ಸತ್ತವರು ಎಲ್ಲೋ ದೂರ ಹೋದವರಲ್ಲ, ಮನೆಯವರೇ ಎಂಬುದು ಅಲ್ಲಿಯ ನಂಬಿಕೆ. ತಾತ ಹೋದ ಮೇಲೆ ಹುಟ್ಟಿದ ಗಂಡು ಮಗುವಿನಲ್ಲಿ ತಾತನೇ ಮರಳಿದ ಎನ್ನುತ್ತಾರೆ. ಇಫಾ ಎಂಬ ಪ್ರಶ್ನೆ ನೋಡುವ ವಿದ್ಯೆಯ ಪಂಡಿತರನ್ನು ನೋಡಿದರೆ ನಿನಗೆ ಇನ್ನೂ ಚೆನ್ನಾಗಿ ತಿಳಿದೀತು. 256 ಭಾಗಗಳ ಆ ವಿದ್ಯೆ ಬಾಯಿಯಿಂದ ಬಾಯಿಗೆ ಬಂದದ್ದು. 2005ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆ ಎಂದು ಸಾರಿತು. ತಾಳೆ ಬೀಜ ಹಿಡಿದು ಪ್ರಶ್ನೆ ನೋಡುವ ಮೊದಲು ಅವರು ದೇವರಿಗೆ, ಪೂರ್ವಜರಿಗೆ, ತಮಗೆ ಕಲಿಸಿದ ಗುರುಗಳಿಗೆ ವಂದಿಸುತ್ತಾರೆ. ಆ ವಂದನೆ ಆಗದೆ ಕೆಲಸ ಶುರುವಾಗುವುದಿಲ್ಲ.

ಈಗ ನಿನ್ನ ಸಿಮೆಂಟಿನ ವಿಷಯ. ನೀನು ಹೇಳಿದ ಆ ಹೆಂಗಸು, ಸುಸಾನೆ ವೆಂಗರ್, 1950ರ ಸುಮಾರಿಗೆ ನೈಜೀರಿಯಾಕ್ಕೆ ಬಂದ ಚಿತ್ರ ಕಲಾವಿದೆ. ಕ್ಷಯದಿಂದ ನರಳಿ ಎದ್ದಳು, ಒಬಾಟಾಲಾ ದೇವರ ಪೂಜಾರಿಯೊಬ್ಬರ ಹತ್ತಿರ ಕಲಿತಳು, ದೀಕ್ಷೆ ಪಡೆದಳು. ಮರ ಕಡಿಯುವವರ ಕೈಗೆ ಸಿಕ್ಕು ಕರಗುತ್ತಿದ್ದ ಆ ದೇವರಕಾಡನ್ನು ಉಳಿಸಲು ಸ್ಥಳೀಯ ಗಾರೆಯವರ, ಬಡಗಿಗಳ ಜೊತೆ ನಿಂತಳು. 2009ರಲ್ಲಿ ಒಶೊಗ್ಬೊದಲ್ಲೇ ತೀರಿಕೊಂಡಳು. ಮೂರ್ತಿ ಹೊಸದು ನಿಜ. ಆದರೆ ಆಕೆಯನ್ನು ಒಳಗೆ ಬಿಟ್ಟುಕೊಂಡವರು ಆ ದೇವರ ಪೂಜಾರಿಗಳೇ. ಅವರು ಒಪ್ಪಿದ್ದನ್ನು ನಕಲಿ ಎನ್ನಲು ನೀನೂ ನಾನೂ ಯಾರು?

ಎಗುಂಗುನ್ ವೇಷವನ್ನೂ ನೋಡು. ಪೂರ್ವಜರೇ ಊರಿಗೆ ಬಂದರೆಂದು ಕುಣಿಯುವ ಆ ವೇಷದಲ್ಲಿ ಮೈಯ ಚರ್ಮ ಕಾಣುವಂತಿಲ್ಲ, ಪಟ್ಟಿ ಪಟ್ಟಿ ಬಟ್ಟೆಯೇ ಎಲ್ಲ. ಮನೆತನದವರು ಹಳೆಯದರ ಮೇಲೆ ಹೊಸ ಬಟ್ಟೆ ಹೊಲಿಯುತ್ತಾ ಬರುತ್ತಾರೆ. ಹಡಗಿನಲ್ಲಿ ಬಂದ ವೆಲ್ವೆಟ್ಟೂ ಅದರಲ್ಲಿರುತ್ತದೆ. ಹೊಸ ಬಟ್ಟೆ ಸೇರಿತೆಂದು ಅಜ್ಜ ಬದಲಾಗುವುದಿಲ್ಲ.

ಅಸಲಿ ಎಂಬ ಚಿಂತೆಗೆ ಹಕ್ಕಿರುವವರು ಬೇರೆ ಇದ್ದಾರೆ. ಗುಲಾಮರ ಹಡಗು ಹತ್ತಿಸಿದವರು ಯಾರ ಹೆಸರನ್ನು ಕಿತ್ತುಕೊಂಡರೋ ಅವರ ಮಕ್ಕಳು. ಬ್ರೆಜಿಲ್‌ನ ಬಹಿಯಾದಲ್ಲಿ ಅವರು ತಮ್ಮ ದೇವರಿಗೆ ಪೂಜೆ ಮಾಡಲು 1976ರವರೆಗೆ ಪೊಲೀಸರ ಪರವಾನಗಿ ಬೇಕಿತ್ತು. ಕ್ರೈಸ್ತ ಸಂತರ ಮರೆಯಲ್ಲಿ ದೇವರನ್ನು ಕಾಪಾಡಿಕೊಂಡರು. 1983ರಲ್ಲಿ ಮಾಯಿ ಸ್ಟೆಲಾ ಎಂಬ ಪೂಜಾರಿಣಿ, ಆ ಮರೆ ಇನ್ನು ಬೇಡ, ನಮ್ಮ ದೇವರು ನಮ್ಮ ದೇವರೇ ಎಂದು ಬಹಿರಂಗವಾಗಿ ನಿಂತಳು. ಡೆಟ್ರಾಯಿಟ್‌ನಲ್ಲಿ ಹುಟ್ಟಿದ ವಾಲ್ಟರ್ ಕಿಂಗ್ 1959ರಲ್ಲಿ ಕ್ಯೂಬಾದಲ್ಲಿ ದೀಕ್ಷೆ ಪಡೆದು, 1970ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಒಯೊತುಂಜಿ ಎಂಬ ಯೊರುಬಾ ಹಳ್ಳಿಯನ್ನೇ ಕಟ್ಟಿದ. ಅಲ್ಲಿಗೆ ಬಂದವರು ಪ್ರಶ್ನೆ ನೋಡಿಸಿ ತಮ್ಮ ಕುಲಮೂಲ ಕೇಳಿಕೊಂಡರು. ಕರೆಯಲು ಹೆಸರೇ ಇಲ್ಲದವರ ಹಸಿವು ಅದು. ಅದನ್ನು ಯಾರಾದರೂ ಸೋಗು ಎಂದರೆ ನನಗೆ ಸಂಕಟವಾಗುತ್ತದೆ.

ನಮ್ಮ ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳನ್ನು ನೀನು ಚಿಕ್ಕಂದಿನಿಂದ ಕಂಡವನು. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಧರ್ಮದವರಿದ್ದಾರೆ. ಆಫ್ರಿಕಾದ ಯಾವ ಹಳ್ಳಿಯಿಂದ ಬಂದೆವೆಂಬ ನೆನಪು ಅಳಿಸಿಹೋಗಿದ್ದರೂ ಮನೆಯಲ್ಲಿ ಹಿರಿಯರ ಪೂಜೆ ಬಿಟ್ಟಿಲ್ಲ. ಅವರ ಹಿರಿಯರೆಂದರೆ ಇಲ್ಲಿಯ ಕಾಡಿನಲ್ಲಿ ಬಾಳಿ ಸತ್ತವರೂ ಹೌದು.

ಹಾಗಾಗಿ ನೀನು ಅಲ್ಲಿ ಯಾರ ಮುಂದೆ ಕೂತರೂ ‘ಇದು ಎಷ್ಟು ಹಳೆಯದು?’ ಎಂದು ಮೊದಲು ಕೇಳಬೇಡ. ‘ನಿಮಗೆ ಇದನ್ನು ಕಲಿಸಿದವರು ಯಾರು? ಅವರಿಗೆ ಯಾರು?’ ಎಂದು ಕೇಳು. ದುಡ್ಡು ಕೊಟ್ಟರೆ ನಾಳೆಯೇ ದೀಕ್ಷೆ ಎನ್ನುವವರೂ ಎದುರಾದಾರು. ಅವರನ್ನೂ ಇದನ್ನೇ ಕೇಳು, ಬಂಡವಾಳ ತಿಳಿಯುತ್ತದೆ. ಕೇಳಿದ ಮೇಲೆ ಹೆಸರು ಹೇಳಿ ಮುಗಿಯುವವರೆಗೆ ಸುಮ್ಮನೆ ಕೂತಿರು. ಆ ಹೆಸರುಗಳನ್ನು ಚಿತ್ರದಿಂದ ಕತ್ತರಿಸಬೇಡ, ಎಷ್ಟು ಉದ್ದವಾದರೂ ಸರಿ. ಒಪ್ಪಿಗೆ ಕೇಳದೆ ಕ್ಯಾಮೆರಾ ಎತ್ತಬೇಡ. ನಿನ್ನ ಹಿರಿಯರು ಯಾರೆಂದು ಅವರು ಕೇಳಿದರೆ ತಡವರಿಸದೆ ಹೇಳಬೇಕು, ಆದ್ದರಿಂದ ಅಪ್ಪನ ಕಡೆಯ, ಅಮ್ಮನ ಕಡೆಯ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಹೊರಡುವ ಮುಂಚೆ ಬಾಯಿಪಾಠ ಮಾಡಿಕೋ. ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮೊದಲೇ ಹಾಕಿಸಿಕೊಂಡು ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಡು.

ನಿನ್ನ ಅಜ್ಜ