ಸ್ವೆಟರ್ ತೊಡಿಸುವ ಮುನ್ನ

ಡಿಸೆಂಬರ್ ಬಂತೆಂದರೆ ಮನೆಯ ನಾಯಿಗೂ ಸ್ವೆಟರ್ ತೊಡಿಸುವ ಉಮೇದು ನಿಮಗೆ. ಒಳ್ಳೆಯದೇ, ಆದರೆ ಅದಕ್ಕೆ ಬೇಕೋ ಬೇಡವೋ ಮೊದಲು ನೋಡಿ. ಬೆಳೆದ ಪೊಮೇರಿಯನ್‌ಗೆ ಸಹಜವಾಗಿಯೇ ಎರಡು ಪದರದ ತುಪ್ಪಳವಿದೆ. ಬೆಂಗಳೂರಿನ ಚಳಿಗೆ ಅಷ್ಟು ಸಾಕು. ನಡುಗುವುದು ಗಿಡ್ಡ ಕೂದಲಿನ ಪಿನ್ಷರ್, ಡ್ಯಾಶ್‌ಹಂಡ್‌ನಂಥವು, ಮರಿಗಳು, ವಯಸ್ಸಾದವು. ಕುತ್ತಿಗೆಯ ಬಳಿ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಲಿ. ಬಿಸಿಲೇರಿದ ಮೇಲೆ ಬಿಚ್ಚಿಬಿಡಿ, ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವ ಪ್ರಾಣಿಯಲ್ಲ. ಒದ್ದೆಯಾದರಂತೂ ಕೂಡಲೇ ತೆಗೆಯಿರಿ.

ಬೆಕ್ಕಿನ ವಿಷಯದಲ್ಲಿ, ಫೋಟೋ ಎಷ್ಟೇ ಚೆನ್ನಾಗಿ ಬರಲಿ, ಹಟ ಬೇಡ. ಮೈ ನೆಕ್ಕುತ್ತ ಉಣ್ಣೆಯ ಎಳೆ ನುಂಗಿದರೆ ಅದು ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್‌ವರೆಗೂ ಹೋದೀತು. ಬದಲಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕಂಬಳಿ ಹಾಸಿ, ಗಾಳಿ ಬೀಸದ ಮೂಲೆಯಲ್ಲಿಡಿ.